ಎಡೆದೊರೆ ನಾಡಿನಲ್ಲಿ ನೀತಿಯ ಏರಿಳಿತ: ನೆರೆ, ಪೇಟೆ ಮತ್ತು ನ್ಯಾಯ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡು, ಅಂದರೆ ಮುಖ್ಯವಾಗಿ ಇಂದಿನ ರಾಯಚೂರು ಜಿಲ್ಲೆ, ಸರ್ಕಾರದ ನೀತಿ ಬದಲಾದಾಗ ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಪರಿಶೀಲಿಸಲು ತಕ್ಕ ಪ್ರದೇಶವಾಗಿದೆ. ದೇವದುರ್ಗ ತಾಲ್ಲೂಕಿನ ಮಸರಕಲ್ ಸುತ್ತಿನ ಹತ್ತಿ ಮತ್ತು ತೊಗರಿ, ಮಾನ್ವಿಯ ಕಾಲುವೆ ಕೆಳಗಿನ ಭತ್ತ, ರಾಯಚೂರು ನಗರದ ಪೇಟೆ ಮತ್ತು ಅಕ್ಕಿ ಗಿರಣಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ಒಂದು ಕಡೆ ಹೊರಟ ಆದೇಶ ಇನ್ನೊಂದು ಕಡೆ ಫಲ ಕೊಡುತ್ತದೆ. ವಿಪತ್ತು ಪರಿಹಾರ, ವ್ಯಾಪಾರ ಮತ್ತು ನ್ಯಾಯ ಎಂಬ ಮೂರು ಕ್ಷೇತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನೀತಿಯ ಅಸ್ಥಿರತೆಯಿಂದ ಹೆಚ್ಚು ನಷ್ಟಕ್ಕೆ ಒಳಗಾದವರು ಸರ್ಕಾರದ ದಾಖಲೆಯಲ್ಲಿ ಹೆಸರಿಲ್ಲದವರೇ ಎಂಬುದು ಸ್ಪಷ್ಟವಾಗುತ್ತದೆ.

ಕೈ ಬದಲಾದ ಆಳ್ವಿಕೆ

ಸೇನಾ ವೆಚ್ಚದ ಬಾಕಿಗಾಗಿ ಹೈದರಾಬಾದಿನ ನಿಜಾಮರು 1853ರ ಒಪ್ಪಂದದಲ್ಲಿ ಬೀರಾರ್ ಮತ್ತು ಧಾರಾಶಿವದೊಂದಿಗೆ ರಾಯಚೂರು ದೋಆಬನ್ನೂ, ಅಂದರೆ ಎಡೆದೊರೆ ನಾಡನ್ನೂ, ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಿದರು. 1860ರಲ್ಲಿ ದೋಆಬು ಮತ್ತೆ ನಿಜಾಮರಿಗೆ ಮರಳಿತು. ಹೀಗೆ ಏಳೇ ವರ್ಷಗಳ ಅಂತರದಲ್ಲಿ ಕಂದಾಯದ ಪದ್ಧತಿ ಎರಡು ಸಲ ಕೈ ಬದಲಾಯಿಸಿತು. 1865ರಲ್ಲಿ ನಿಜಾಮರ ದಿವಾನ ಒಂದನೆಯ ಸಾಲಾರ್ ಜಂಗ್ ಜಾರಿಗೆ ತಂದ ಜಿಲ್ಲಾಬಂದಿ, ಅಂದರೆ ಸಂಸ್ಥಾನವನ್ನು ಸಂಬಳದ ಅಧಿಕಾರಿಗಳ ಕೈಕೆಳಗಿನ ಜಿಲ್ಲೆಗಳಾಗಿ ವಿಂಗಡಿಸಿದ ವ್ಯವಸ್ಥೆ, ಕಂದಾಯ ವಸೂಲಿಗೆ ಒಂದು ಸ್ಥಿರ ರೂಪ ಕೊಟ್ಟಿತು. 1871ರಲ್ಲಿ ಮುಂಬೈ ಕಡೆಯ ಜಿ.ಐ.ಪಿ. ರೈಲು ಮಾರ್ಗವೂ ಮದ್ರಾಸ್ ರೈಲು ಮಾರ್ಗವೂ ರಾಯಚೂರಿನಲ್ಲಿ ಕೂಡಿದ ಮೇಲೆ ಈ ಊರು ದೂರದ ಮಾರುಕಟ್ಟೆಗಳಿಗೆ ತೆರೆದುಕೊಂಡಿತು. ಆದರೆ ಸಂಸ್ಥಾನಕ್ಕೆ ತನ್ನದೇ ನಾಣ್ಯವೂ ತನ್ನದೇ ಸುಂಕದ ಇಲಾಖೆಯೂ ಇದ್ದುದರಿಂದ ನದಿಯಾಚೆಯ ಬ್ರಿಟಿಷ್ ಜಿಲ್ಲೆಗಳೊಡನೆ ನಡೆಯುವ ವ್ಯಾಪಾರ ಹೊರದೇಶದ ವ್ಯಾಪಾರದಂತೆಯೇ ಇತ್ತು.

1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಈ ನಡುವೆ 1949ರಲ್ಲಿ ಜಹಗೀರುಗಳು ರದ್ದಾದವು, 1950ರ ಹೈದರಾಬಾದ್ ಗೇಣಿ ಕಾಯ್ದೆ ರಕ್ಷಿತ ಗೇಣಿದಾರ ಎಂಬ ವರ್ಗವನ್ನು ಗುರುತಿಸಿತು. ಆ ಕಾಯ್ದೆಯ ಜಾಗಕ್ಕೆ ಮುಂದೆ 1961ರ ಭೂಸುಧಾರಣಾ ಕಾಯ್ದೆ ಬಂದಿತು. 1974ರ ತಿದ್ದುಪಡಿ ಗೇಣಿದಾರರಿಗೆ ಭೂ ನ್ಯಾಯಮಂಡಳಿಯ ಮುಂದೆ ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಒಡೆತನ ಪಡೆಯುವ ಅವಕಾಶ ಕೊಟ್ಟು, ಸೈನಿಕರಂಥ ಕೆಲವರ ಜಮೀನು ಬಿಟ್ಟು ಉಳಿದೆಡೆ ಹೊಸದಾಗಿ ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಉಳುವವನಿಗೆ ಭೂಮಿ ಕೊಡುವ ಈ ಕಾನೂನು ಅನೇಕರನ್ನು ಒಡೆಯರನ್ನಾಗಿಸಿದರೂ, ಕಾಲುವೆ ನೀರು ಬಂದ ಮೇಲೆ ಹೆಚ್ಚಿದ ಹೊಸ ಗುತ್ತಿಗೆ ಬೇಸಾಯ ಬಾಯಿಮಾತಿನ ಕರಾರಿಗೆ ಇಳಿಯಿತು. ಎಕರೆಗೆ ಇಷ್ಟು ಚೀಲ ಭತ್ತ ಎಂದು ಒಪ್ಪಿಕೊಂಡು ಬಿತ್ತುವವನ ಹೆಸರು ಪಹಣಿಯಲ್ಲಿ, ಅಂದರೆ ಜಮೀನಿನ ಒಡೆತನ ಮತ್ತು ಬೆಳೆಯನ್ನು ನಮೂದಿಸುವ ಕಂದಾಯ ದಾಖಲೆಯಲ್ಲಿ, ಬರುವುದಿಲ್ಲ.

ನೆರೆ, ಬರ ಮತ್ತು ಖಾಲಿ ಕುರ್ಚಿಗಳು

2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವನ್ನು ರಚಿಸಿ ಪರಿಹಾರ ಕಾರ್ಯಕ್ಕೆ ಶಾಶ್ವತ ಚೌಕಟ್ಟು ಕೊಟ್ಟಿತು. ಆ ಚೌಕಟ್ಟಿಗೆ ಮೊದಲ ದೊಡ್ಡ ಪರೀಕ್ಷೆ ಎದುರಾದದ್ದು 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ನೆರೆಯಲ್ಲಿ. ಊರುಗಳನ್ನು ಎತ್ತರದ ಜಾಗಕ್ಕೆ ಸ್ಥಳಾಂತರಿಸಿ, ದಾನಿಗಳ ನೆರವಿನಿಂದ ಮನೆ ಕಟ್ಟಿಸುವ ‘ಆಸರೆ’ ಯೋಜನೆಯನ್ನು ಸರ್ಕಾರ ಪ್ರಕಟಿಸಿತು. ಆದರೆ ಅದೇ ಅಕ್ಟೋಬರ್ ಕೊನೆಯಲ್ಲಿ ಗಣಿ ಉದ್ಯಮಿಗಳಾದ ಬಳ್ಳಾರಿಯ ರೆಡ್ಡಿ ಸಹೋದರರು ಮುಖ್ಯಮಂತ್ರಿ ಯಡಿಯೂರಪ್ಪನವರ ವಿರುದ್ಧ ಬಂಡೆದ್ದರು. ಅದಿರು ಲಾರಿಗಳ ಮೇಲೆ ಶುಲ್ಕ ಹಾಕಿ ನೆರೆ ಪುನರ್ವಸತಿಗೆ ಹಣ ಕೂಡಿಸುವ ಪ್ರಸ್ತಾವವೂ ಅವರ ಅಸಮಾಧಾನದ ಕಾರಣಗಳಲ್ಲಿ ಒಂದಾಗಿತ್ತು. ಪರಿಹಾರದ ಹೊಣೆ ಹೊತ್ತ ಕಂದಾಯ ಖಾತೆಯ ಸಚಿವರಾಗಿದ್ದ ಕರುಣಾಕರ ರೆಡ್ಡಿಯವರೇ ಬಂಡಾಯದ ಗುಂಪಿನಲ್ಲಿದ್ದುದರಿಂದ, ಮನೆ ಕಳೆದುಕೊಂಡವರ ಪಟ್ಟಿ ಸಿದ್ಧವಾಗಬೇಕಿದ್ದ ದಿನಗಳಲ್ಲಿ ಸರ್ಕಾರದ ಗಮನ ಬಂಡಾಯ ಶಾಸಕರು ತಂಗಿದ್ದ ರೆಸಾರ್ಟ್ ಮತ್ತು ದೆಹಲಿಯ ಕಡೆಗಿತ್ತು.

2019ರಲ್ಲಿ ಇದೇ ಬಿಕ್ಕಟ್ಟು ಇನ್ನೂ ತೀವ್ರವಾಗಿ ಮರುಕಳಿಸಿತು. ಜುಲೈ 26ರಂದು ಪ್ರಮಾಣವಚನ ಸ್ವೀಕರಿಸಿದ ಮುಖ್ಯಮಂತ್ರಿ ಯಡಿಯೂರಪ್ಪನವರು ಆಗಸ್ಟ್ 20ರವರೆಗೆ ಸಂಪುಟವಿಲ್ಲದೆ ಒಬ್ಬರೇ ಆಡಳಿತ ನಡೆಸಿದರು. ಕೃಷ್ಣೆಯ ಮಹಾಪೂರ ಬಂದದ್ದು ಸರಿಯಾಗಿ ಈ ಅವಧಿಯಲ್ಲಿ. ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿನಲ್ಲಿ ಹೂವಿನಹೆಡಗಿ ಸೇತುವೆ ಮುಳುಗಿ ದೇವದುರ್ಗದಿಂದ ಶಹಾಪುರದ ಕಡೆಗಿನ ಸಂಪರ್ಕ ಕಡಿದುಹೋಯಿತು. ಹಿರೇರಾಯನಕುಂಪಿ ಬಳಿ ಸೇತುವೆಯ ಅಂಚು ಕಾಣದಂತೆ ನೀರು ಹರಿಯುತ್ತಿದ್ದಾಗ ಶಾಲಾ ಬಾಲಕನೊಬ್ಬ ಮುಂದೆ ಮುಂದೆ ಓಡಿ ಅಂಬುಲೆನ್ಸ್‌ಗೆ ದಾರಿ ತೋರಿಸಿದ, ಆ ಸಾಹಸಕ್ಕೆ ರಾಷ್ಟ್ರಮಟ್ಟದ ಶೌರ್ಯ ಪುರಸ್ಕಾರವೂ ಸಂದಿತು. ಹುಡುಗನ ಧೈರ್ಯ ನಿಸ್ಸಂದೇಹವಾಗಿ ದೊಡ್ಡದು. ಆದರೆ ಮುಳುಗಿದ ಸೇತುವೆಯ ಎರಡೂ ತುದಿಯಲ್ಲಿ ವಾಹನ ತಡೆಯಬೇಕಾದ ವ್ಯವಸ್ಥೆ ಇಲ್ಲದಿದ್ದುದನ್ನೂ ಆ ಘಟನೆ ತೋರಿಸುತ್ತದೆ. ಸಂತ್ರಸ್ತರಿಗೆ ರಾಜ್ಯ ಸರ್ಕಾರ ತಕ್ಷಣದ ನೆರವಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಕೇಂದ್ರದ ಮಾರ್ಗಸೂಚಿಯಲ್ಲಿ ಬಯಲು ಸೀಮೆಯ ಪಕ್ಕಾ ಮನೆಗೆ ಇದ್ದ ಮೊತ್ತ 95,100 ರೂಪಾಯಿ ಮಾತ್ರ. ಈ ಎರಡು ಅಳತೆಗಳ ನಡುವಿನ ಅಂತರವನ್ನು ಯಾವ ಕಾನೂನೂ ತುಂಬಿಕೊಡದ ಕಾರಣ, ಪರಿಹಾರದ ಪ್ರಮಾಣ ಆಯಾ ಸರ್ಕಾರದ ಇಚ್ಛೆಗೆ ಬಿಟ್ಟ ವಿಷಯವಾಗಿಯೇ ಉಳಿಯಿತು.

2023ರ ಬರದಲ್ಲಿ ತಕರಾರು ಕೇಂದ್ರ ಮತ್ತು ರಾಜ್ಯದ ನಡುವೆ ಎದ್ದಿತು. 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ ರಾಜ್ಯವು 18,171 ಕೋಟಿ ರೂಪಾಯಿ ಕೇಳಿ, ಹಣ ಬಾರದಿದ್ದಾಗ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಆ ಹಣ ‘ಫ್ರೂಟ್ಸ್’ ಎಂಬ ರೈತ ನೋಂದಣಿ ತಂತ್ರಾಂಶದಲ್ಲಿ ಪಹಣಿ ಜೋಡಿಸಿಕೊಂಡವರ ಖಾತೆಗೆ ನೇರವಾಗಿ ಸೇರಿದ್ದರಿಂದ ನಡುವಿನ ಸೋರಿಕೆ ತಪ್ಪಿತಾದರೂ, ಗುತ್ತಿಗೆಗೆ ಬಿತ್ತಿ ಬೆಳೆ ಕಳೆದುಕೊಂಡವನಿಗೆ ಬದಲು ಜಮೀನಿನ ಒಡೆಯನಿಗೆ ಪರಿಹಾರ ತಲುಪಿತು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಮಾನ್ವಿ ಮತ್ತು ಸಿಂಧನೂರಿನ ಅಚ್ಚುಕಟ್ಟು ಪ್ರದೇಶವೇ ಅಪಾಯಕ್ಕೆ ಸಿಲುಕಿತ್ತು. ಆದರೆ 1953ರಿಂದ ನಡೆದುಬಂದ ತುಂಗಭದ್ರಾ ಮಂಡಳಿಯ ಚೌಕಟ್ಟಿನೊಳಗೆ ರಾಜ್ಯಗಳು ಕೂಡಿ ಕೆಲಸ ಮಾಡಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಗೇಟನ್ನು ಸುಮಾರು ಒಂದು ವಾರದೊಳಗೆ ಇಳಿಸಿದವು. ಗೇಟುಗಳ ನಿರ್ವಹಣೆಯಲ್ಲಿ ನಡೆದ ಉದಾಸೀನಕ್ಕೆ ಇದು ಸಮಜಾಯಿಷಿಯಲ್ಲ; ಆದರೂ ಕಾಯಂ ಸಂಸ್ಥೆಯೊಂದು ಇದ್ದಲ್ಲಿ ಕೆಲಸ ಹೇಗೆ ಸಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಪೇಟೆಯ ನಿಯಮಗಳು

ರಾಯಚೂರಿನ ಕೃಷಿ ಮಾರುಕಟ್ಟೆಯ ಆಧಾರ 1966ರ ಎಪಿಎಂಸಿ ಕಾಯ್ದೆ. ಹತ್ತಿಯ ರಾಶಿ ಪ್ರಾಂಗಣಕ್ಕೆ ಬಂದ ಮೇಲೆ ದಲ್ಲಾಳಿಯ ಅಂಗಡಿಯ ಮುಂದೆ ಅದಕ್ಕೆ ಲಾಟ್ ಸಂಖ್ಯೆ ಬೀಳುತ್ತದೆ, ಖರೀದಿದಾರರು ಟೆಂಡರ್ ಹಾಕುತ್ತಾರೆ, ಹಮಾಲರು ತೂಕ ಮಾಡಿಸುತ್ತಾರೆ, ಖರೀದಿದಾರನಿಂದ ಮಾರುಕಟ್ಟೆ ಶುಲ್ಕ ವಸೂಲಾಗುತ್ತದೆ. 2020ರ ಮೇ ತಿಂಗಳ ಸುಗ್ರೀವಾಜ್ಞೆ ಪ್ರಾಂಗಣದ ಹೊರಗಿನ ವ್ಯಾಪಾರಕ್ಕೆ ಅವಕಾಶ ಕೊಟ್ಟ ಮೇಲೆ, ಅಲ್ಲಿಯವರೆಗೆ ಶೇ 1.5 ಇದ್ದ ಶುಲ್ಕ ಶೇ 0.35ಕ್ಕೆ ಇಳಿದು ಮತ್ತೆ ಶೇ 0.60ಕ್ಕೆ ಏರಿತು. ಕೇಂದ್ರದ ಮೂರು ಕೃಷಿ ಕಾಯ್ದೆಗಳು 2021ರ ಜನವರಿಯಲ್ಲಿ ತಡೆಯಾಜ್ಞೆಗೆ ಒಳಗಾಗಿ ವರ್ಷದ ಕೊನೆಗೆ ರದ್ದಾದರೂ ರಾಜ್ಯದ ತಿದ್ದುಪಡಿ ಹಾಗೆಯೇ ಉಳಿಯಿತು. ಅದನ್ನು ಹಿಂತೆಗೆಯುವ ಮಸೂದೆಯನ್ನು 2023ರ ಜುಲೈನಲ್ಲಿ ವಿಧಾನಸಭೆ ಒಪ್ಪಿತು, ವಿಧಾನ ಪರಿಷತ್ತು ಪರಿಶೀಲನಾ ಸಮಿತಿಗೆ ಕಳಿಸಿತು.

ದೂರದ ಬೆಲೆನೀತಿಯೂ ಇದೇ ರೀತಿ ಓಲಾಡಿದೆ. 2012ರ ಮಾರ್ಚ್ 5ರಂದು ಹೇರಿದ ಹತ್ತಿ ರಫ್ತು ನಿಷೇಧ ಒಂದು ವಾರದಲ್ಲೇ ಸಡಿಲವಾಯಿತು. 2025ರ ಆಗಸ್ಟ್‌ನಲ್ಲಿ ಆಮದು ಹತ್ತಿಯ ಮೇಲಿನ ಶೇ 11ರ ಸುಂಕವನ್ನು ತೆಗೆದು, ಆ ವಿನಾಯಿತಿಯನ್ನು ಎಡೆದೊರೆಯಲ್ಲಿ ಹತ್ತಿ ಬಿಡಿಸುವ ತಿಂಗಳುಗಳನ್ನೂ ಒಳಗೊಳ್ಳುವಂತೆ ಡಿಸೆಂಬರ್ ಕೊನೆಯವರೆಗೆ ವಿಸ್ತರಿಸಲಾಯಿತು. ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತಿಗೆ 2022ರ ಸೆಪ್ಟೆಂಬರ್‌ನಲ್ಲಿ ಶೇ 20 ಸುಂಕ, 2023ರ ಜುಲೈ 20ರಂದು ನಿಷೇಧ, 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅನುಮತಿ ದೊರೆಯಿತು. ಗ್ರಾಹಕನಿಗೆ ಅಗ್ಗವಾಗಿ ಅಕ್ಕಿ ಸಿಗಲಿ ಎಂಬ ಉದ್ದೇಶ ಒಪ್ಪತಕ್ಕದ್ದೇ. ಆದರೆ ನಾಟಿಯ ವೇಳೆಗೆ ಇದ್ದ ನಿಯಮ ಸುಗ್ಗಿಯ ವೇಳೆಗೆ ಇರುತ್ತದೆಂಬ ಭರವಸೆ ಇಲ್ಲದಾಗ ಗಿರಣಿಯವನು ಖರೀದಿ ತಡೆದು ಕಾಯಬಲ್ಲ, ಸಾಲ ತೀರಿಸಬೇಕಾದ ರೈತ ಕಾಯಲಾರ. ಬೆಂಬಲ ಬೆಲೆಯ ಖರೀದಿ ಕೇಂದ್ರವೂ ಜಮೀನಿನ ದಾಖಲೆಯನ್ನೇ ಕೇಳುವುದರಿಂದ ಗುತ್ತಿಗೆ ರೈತ ಖಾಸಗಿ ವ್ಯಾಪಾರಿಯ ದರಕ್ಕೇ ತಲೆಬಾಗಬೇಕಾಗುತ್ತದೆ.

ನ್ಯಾಯದ ದೂರ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಆ ಪಟ್ಟಿಯ ಕೊನೆಯಲ್ಲಿ ನಿಂತ ತಾಲ್ಲೂಕು ದೇವದುರ್ಗ. ಪ್ರಾದೇಶಿಕ ನ್ಯಾಯದ ಬೇಡಿಕೆಗೆ ಈ ವರದಿ ಅಂಕಿಅಂಶದ ಬಲ ಕೊಟ್ಟಿತು. 2008ರ ಜುಲೈನಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಯಲ್ಲಿ ಆರಂಭವಾಗಿ 2013ರ ಆಗಸ್ಟ್‌ನಲ್ಲಿ ಕಾಯಂ ಪೀಠವಾದ ಮೇಲೆ, ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಬೇಕಿದ್ದ ರಾಯಚೂರಿನ ಕಕ್ಷಿದಾರರಿಗೆ ಆ ದೂರ ಅರ್ಧಕ್ಕಿಂತ ಕಡಿಮೆಯಾಯಿತು. 2013ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಸಂವಿಧಾನದ 371ಜೆ ವಿಧಿ, ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಮತ್ತು ಶಿಕ್ಷಣ, ಉದ್ಯೋಗಗಳಲ್ಲಿ ಸ್ಥಳೀಯ ಮೀಸಲಾತಿಗೆ ಸಂವಿಧಾನದ ಆಧಾರ ಕೊಟ್ಟಿತು. ಸರ್ಕಾರಗಳು ಬಂದುಹೋದರೂ ಇವೆರಡು ನಿಂತಿರುವುದಕ್ಕೆ ಕಾರಣ, ಇವು ಆಯಾ ಸರ್ಕಾರದ ಇಚ್ಛೆಯ ಮೇಲಲ್ಲ, ಶಾಸನ ಮತ್ತು ಸಂವಿಧಾನದ ಆಧಾರದ ಮೇಲೆ ನಿಂತಿರುವುದೇ ಆಗಿದೆ.

ಪ್ರಾತಿನಿಧ್ಯದ ವಿಷಯದಲ್ಲಿ ಮಾತ್ರ ಈ ಮಾತು ಹೇಳುವಂತಿಲ್ಲ. 2018ರಲ್ಲಿ 213 ಮತಗಳ ಅಂತರದಿಂದ ಜಿಲ್ಲೆಯ ಮಸ್ಕಿ ಕ್ಷೇತ್ರದಲ್ಲಿ ಗೆದ್ದ ಪ್ರತಾಪಗೌಡ ಪಾಟೀಲರು 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟು ಅನರ್ಹಗೊಂಡರು. ಚುನಾವಣಾ ತಕರಾರು ಅರ್ಜಿ ಹೈಕೋರ್ಟಿನಲ್ಲಿ ಬಾಕಿಯಿದ್ದುದರಿಂದ ಉಪಚುನಾವಣೆ 2021ರ ಏಪ್ರಿಲ್ 17ರವರೆಗೆ ಮುಂದೆ ಹೋಯಿತು. ನಾರಾಯಣಪುರ ಬಲದಂಡೆಯ 5ಎ ಶಾಖಾ ಕಾಲುವೆಗಾಗಿ ಅದೇ ಕ್ಷೇತ್ರದ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕುಳಿತ ಕಾಲಕ್ಕೆ ಅವರ ಮಾತನ್ನು ಸದನದಲ್ಲಿ ಎತ್ತಲು ಶಾಸಕರೇ ಇರಲಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ಪುನರ್ವಿಂಗಡಣೆಯ ಹೆಸರಿನಲ್ಲಿ ಚುನಾವಣೆ ವರ್ಷಗಟ್ಟಲೆ ನಡೆಯದೆ, ಕೆಳಹಂತದ ಪ್ರಾತಿನಿಧ್ಯವೂ ಅಧಿಕಾರಿಗಳ ಕೈಗೆ ಹೋಯಿತು.

ಈ ಸಮೀಕ್ಷೆಯಿಂದ ಹೊರಡುವ ತೀರ್ಮಾನ ಸರಳವಾಗಿದೆ. ಶಾಸನದ ಬೆಂಬಲವಿರುವ ಕಾಯಂ ಸಂಸ್ಥೆಗಳು ರಾಜಕೀಯದ ಏಳುಬೀಳನ್ನು ತಾಳಿಕೊಂಡಿವೆ, ಘೋಷಣೆ ಮತ್ತು ಸುಗ್ರೀವಾಜ್ಞೆಗಳನ್ನು ನಂಬಿದ ವ್ಯವಸ್ಥೆಗಳು ತಾಳಿಕೊಂಡಿಲ್ಲ. ತುಂಗಭದ್ರೆಯ ಆಚೆ ದಡದ ಆಂಧ್ರಪ್ರದೇಶವು 2011ರಲ್ಲಿ, ಮತ್ತೆ 2019ರಲ್ಲಿ ಕಾಯ್ದೆ ಮಾಡಿ, ಒಡೆತನಕ್ಕೆ ಧಕ್ಕೆಯಾಗದಂತೆ ಗುತ್ತಿಗೆ ರೈತರಿಗೆ ಗುರುತಿನ ಪತ್ರ ಕೊಡುವ ದಾರಿ ತೋರಿಸಿದೆ. ಅಲ್ಲಿಯೂ ಒಡೆಯರ ಒಪ್ಪಿಗೆ ಸಿಗದೆ ಹಲವರು ಹೊರಗುಳಿದಿದ್ದಾರೆ ಎಂಬ ಅನುಭವವನ್ನು ಗಮನಿಸಿಯೇ ಕರ್ನಾಟಕ ತನ್ನ ಕಾನೂನನ್ನು ರೂಪಿಸಬೇಕು. ಪರಿಹಾರ, ಬೆಂಬಲ ಬೆಲೆ, ಬೆಳೆ ವಿಮೆ ಈ ಮೂರಕ್ಕೂ ಬಿತ್ತಿದವನ ಹೆಸರನ್ನೇ ಆಧಾರವಾಗಿಸುವ ಕೆಲಸ ಮುಂದಿನ ನೆರೆಗೆ ಮುಂಚೆಯೇ ಆಗಬೇಕಾಗಿದೆ.