ಬೀದಿಯಿಂದ ಮನೆಯೊಳಗಿನವರೆಗೆ: ಆಶೋದಯ ನಡೆದು ಬಂದ ದಾರಿ

ಮೈಸೂರಿನಲ್ಲಿ ಆಶೋದಯ ಸಮಿತಿ ನೋಂದಣಿಯಾದದ್ದು 2005ರ ಡಿಸೆಂಬರಿನಲ್ಲಿ. ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರು, ಗಂಡಸರು, ಮಂಗಳಮುಖಿಯರು ಮೂವರೂ ಇದೇ ಒಂದು ಸಂಘದ ಸದಸ್ಯರು. ಅಂದಿನ ಮಟ್ಟಿಗೆ ಇದು ಅಪರೂಪದ ಏರ್ಪಾಡು. ಬೆಂಗಳೂರಿನಂಥ ಊರಿನಲ್ಲಿ ಹೆಂಗಸರಿಗೆ ಒಂದು ಯೋಜನೆ, ಲೈಂಗಿಕ ಅಲ್ಪಸಂಖ್ಯಾತರಿಗೆ ಇನ್ನೊಂದು ಯೋಜನೆ ಎಂದು ಬೇರೆಬೇರೆಯಾಗಿಯೇ ಕೆಲಸ ನಡೆಯುತ್ತಿತ್ತು. ಮೈಸೂರಿನವರು ಒಂದೇ ಸೂರಿನಡಿ ಸೇರಿದರು. ಬೀದಿಯಲ್ಲಿ ಅವರೆಲ್ಲರ ಪಾಡೂ ಒಂದೇ ಆಗಿತ್ತು. ಲಾಠಿ ಬೀಸುವಾಗ ಯಾರೂ ಸೀರೆಯೋ ಪ್ಯಾಂಟೋ ಎಂದು ನೋಡುತ್ತಿರಲಿಲ್ಲ.

ಇದಕ್ಕೆ ಮೊದಲಿನ ಎರಡು ವರ್ಷಗಳ ಕತೆಯನ್ನೂ ಹೇಳಬೇಕು. ಗೇಟ್ಸ್ ಪ್ರತಿಷ್ಠಾನ 2003ರಲ್ಲಿ ಎಚ್‌ಐವಿ ತಡೆಯುವ ‘ಆವಾಹನ್’ ಕಾರ್ಯಕ್ರಮವನ್ನು ಘೋಷಿಸಿತು. ಅದು ಆರಿಸಿಕೊಂಡ, ಎಚ್‌ಐವಿ ಹೆಚ್ಚಾಗಿದ್ದ ಆರು ರಾಜ್ಯಗಳ ಪೈಕಿ ಕರ್ನಾಟಕವೂ ಒಂದು. ಅದೇ ವರ್ಷ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸೇರಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಕಟ್ಟಿದವು. 2004ರಲ್ಲಿ ಈ ಯೋಜನೆಯ ಮೈಸೂರಿನ ಕೆಲಸ ಡಾ. ಸುಷೇಣಾ ರೆಜಾ ಪಾಲ್ ಅವರ ನೇತೃತ್ವದಲ್ಲಿ ಆರಂಭವಾಯಿತು. ಕಾಂಡೋಮ್ ಹಂಚುವುದು, ಗುಹ್ಯರೋಗಗಳಿಗೆ ಚಿಕಿತ್ಸೆ ಕೊಡುವುದು, ವೃತ್ತಿಯಲ್ಲಿರುವವರಿಂದಲೇ ವೃತ್ತಿಯವರಿಗೆ ತಿಳಿವಳಿಕೆ ಮುಟ್ಟಿಸುವುದು ಯೋಜನೆಯ ಲೆಕ್ಕಾಚಾರ. ಮೈಸೂರಿನ ಹೆಂಗಸರಿಗಾದರೋ ಮೊದಲು ಬೇಕಾಗಿದ್ದದ್ದು ಒಂದು ಜಾಗ. ಹಗಲಿಡೀ ಬಸ್ ನಿಲ್ದಾಣದಲ್ಲಿ, ಲಾಡ್ಜ್‌ಗಳ ಸುತ್ತಮುತ್ತ ಅಲೆಯುವವರಿಗೆ ಕಾಲು ಚಾಚಲು, ಮುಖ ತೊಳೆಯಲು, ಯಾರೂ ಎಬ್ಬಿಸದಂತೆ ಒಂದು ತಾಸು ಮಲಗಲು ಜಾಗವಿರಲಿಲ್ಲ. ಡ್ರಾಪ್-ಇನ್ ಸೆಂಟರ್ ತೆರೆದದ್ದು ಈ ಅಗತ್ಯಕ್ಕೆ. ಕ್ಲಿನಿಕ್ಕೂ ಅದರ ಜೊತೆಗೇ ನಡೆಯಿತು. ಮಲಗಲು ಬಂದವರು ಮಾತಿಗೆ ಕೂತರು, ಮಾತಿಗೆ ಕೂತವರು ತಪಾಸಣೆಗೆ ಎದ್ದರು. ಸೇವೆ ಬಲಗೊಂಡದ್ದು ಈ ಕ್ರಮದಲ್ಲಿ ಎಂಬುದನ್ನು ಮರೆಯಬಾರದು. ಇಂದಿಗೂ ಎಷ್ಟೋ ಕಡೆ ತಪಾಸಣೆಯ ಗುರಿ ಮೊದಲು ಬರುತ್ತದೆ, ಜಾಗದ ಮಾತು ಕೊನೆಗೆ.

ಎರಡನೆಯ ಬೇಡಿಕೆ ಹಿಂಸೆಯಿಂದ ಬಿಡುಗಡೆ. ಪೊಲೀಸರ ಹೊಡೆತ, ರೌಡಿಗಳ ವಸೂಲಿ, ದುಡ್ಡು ಕೊಡದೆ ದೌರ್ಜನ್ಯ ಎಸಗುವ ಗಿರಾಕಿಗಳು. ಇದೆಲ್ಲ ಎಚ್‌ಐವಿ ಯೋಜನೆಯ ಕೆಲಸವೇ ಎಂದು ಆಗ ಕೇಳಿದವರಿದ್ದರು. ಖಂಡಿತ ಹೌದು. ಓಡಿ ತಪ್ಪಿಸಿಕೊಳ್ಳುವ ಅವಸರದಲ್ಲಿರುವವಳು ಗಿರಾಕಿಯ ಹತ್ತಿರ ಕಾಂಡೋಮ್ ಬಗ್ಗೆ ವಾದ ಮಾಡುವುದು ಹೇಗೆ? ಪರ್ಸಿನಲ್ಲಿರುವ ಕಾಂಡೋಮೇ ಪೊಲೀಸರಿಗೆ ಸಾಕ್ಷಿಯಾಗುವುದಾದರೆ ಅದನ್ನು ಯಾರು ಇಟ್ಟುಕೊಳ್ಳುತ್ತಾರೆ? ಗಂಡಸರಿಗೂ ಮಂಗಳಮುಖಿಯರಿಗೂ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಂನ ಭಯ ಬೇರೆ. ಅದು ಅವರ ತಲೆಯ ಮೇಲಿಂದ ಇಳಿದದ್ದು 2018ರ ಸೆಪ್ಟೆಂಬರ್ 6ರಂದು, ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಆಗಿನ ಈ ಹಿಂಸೆಯನ್ನು ಎದುರಿಸಲು ಸಮಿತಿಯ ಸದಸ್ಯರೇ ಒಂದು ಕ್ರೈಸಿಸ್ ತಂಡ ಕಟ್ಟಿಕೊಂಡರು. ಕರೆ ಬಂದರೆ ಠಾಣೆಗೆ ಹೋಗಿ ನಿಲ್ಲುವುದು, ವಕೀಲರನ್ನು ಕರೆಸುವುದು, ನಡೆದ ಪ್ರತಿಯೊಂದು ಘಟನೆಯನ್ನೂ ಬರೆದಿಡುವುದು ಆ ತಂಡದ ಕೆಲಸ. ಪೊಲೀಸ್ ಅಧಿಕಾರಿಗಳ ಜೊತೆ ಮಾತುಕತೆಯೂ ನಡೆಯಿತು. ಐದು ವರ್ಷಗಳ ಅವಧಿಯಲ್ಲಿ, ದಾಖಲಾದ ಹಿಂಸೆಯ ಪ್ರಕರಣಗಳು ಶೇ. 84ರಷ್ಟು ಇಳಿದವು. ಆದರೆ ಮನೆಯೊಳಗಿನ, ಜೊತೆಗಾರನ ಕೈಯ ಹಿಂಸೆ ಅಷ್ಟು ಬೇಗ ಇಳಿಯಲಿಲ್ಲ.

ಆರೋಗ್ಯ ಸಮೀಕ್ಷೆಯ ಅಂಕಿಗಳೂ ಬದಲಾವಣೆಯನ್ನೇ ಹೇಳುತ್ತವೆ. 2004ರಲ್ಲಿ ಒಂದು ಸಲ, 2006ರಲ್ಲಿ ಮತ್ತೊಂದು ಸಲ, ಪ್ರತಿ ಬಾರಿಯೂ ನಾನೂರಕ್ಕೂ ಹೆಚ್ಚು ಹೆಂಗಸರನ್ನು ಸಮೀಕ್ಷೆಗೆ ಒಳಪಡಿಸಿ ಪರೀಕ್ಷೆ ಮಾಡಲಾಯಿತು. ಎಚ್‌ಐವಿ ಇದ್ದವರ ಪ್ರಮಾಣ ಮೊದಲು ಶೇ. 26, ಆಮೇಲೆ ಶೇ. 24. ಹೆಚ್ಚೇನೂ ಬದಲಾಗಿಲ್ಲವೆಂದು ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಎಚ್‌ಐವಿ ಒಮ್ಮೆ ಬಂದರೆ ಬದುಕಿರುವವರೆಗೂ ಇರುವ ಸೋಂಕು, ಎರಡು ವರ್ಷದ ದುಡಿಮೆ ಆ ಲೆಕ್ಕದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಬಂದು ವಾಸಿಯಾಗಿ ಹೋಗುವ ರೋಗಗಳನ್ನು ನೋಡಬೇಕು. ಇತ್ತೀಚೆಗೆ ಏನು ನಡೆದಿದೆ ಎಂಬುದಕ್ಕೆ ಅವೇ ಸಾಕ್ಷಿ. ಸಿಫಿಲಿಸ್ ಶೇ. 25ರಿಂದ 12ಕ್ಕೆ, ಟ್ರೈಕೊಮೊನಾಸ್ ಶೇ. 33ರಿಂದ 14ಕ್ಕೆ, ಗೊನೋರಿಯಾ ಶೇ. 5ರಿಂದ 2ಕ್ಕೆ ಇಳಿದಿತ್ತು. ಖಾಯಂ ಅಲ್ಲದ ಗಿರಾಕಿಗಳ ಜೊತೆ ಕೊನೆಯ ಸಲ ಕಾಂಡೋಮ್ ಬಳಸಿದವರು ಶೇ. 65ರಿಂದ 90ಕ್ಕೆ ಏರಿದ್ದರು. ಖಾಯಂ ಸಂಗಾತಿಯ ಜೊತೆ? ಶೇ. 7ರಿಂದ 30ಕ್ಕೆ.

ಈ ಕೊನೆಯ ಅಂಕಿಯ ಮುಂದೆ ನಾನು ಯಾವಾಗಲೂ ನಿಂತುಬಿಡುತ್ತೇನೆ. ಏಳರಿಂದ ಮೂವತ್ತಕ್ಕೆ ಬಂದದ್ದು ಸಣ್ಣ ಸಾಧನೆಯಲ್ಲ. ಆದರೂ ಹತ್ತರಲ್ಲಿ ಏಳು ಹೆಂಗಸರು, ಅಪರಿಚಿತನ ಹತ್ತಿರ ಗಟ್ಟಿಯಾಗಿ ಹೇಳಬಲ್ಲ ಮಾತನ್ನು ತಮ್ಮವನೆಂದು ನಂಬಿದವನ ಹತ್ತಿರ ಹೇಳಲಾರದೆ ಉಳಿದರು. ಕಾಂಡೋಮ್ ತೆಗೆದರೆ ‘ನನ್ನ ಮೇಲೆ ನಂಬಿಕೆಯಿಲ್ಲವಾ?’ ಎಂಬ ಪ್ರಶ್ನೆ. ಅದಕ್ಕೆ ಯಾವ ತರಬೇತಿಯಲ್ಲಿ ಉತ್ತರವಿದೆ? ಬೀದಿಯನ್ನು ಸಂಘಟನೆ ಗೆದ್ದಿತ್ತು, ಮನೆ ಇನ್ನೂ ಗೆಲ್ಲಬೇಕಿತ್ತು. ಆಶೋದಯದ ಮುಂದಿನ ಇತಿಹಾಸದ ದೊಡ್ಡ ಭಾಗ ಇದರ ಸುತ್ತಲೇ ಇದೆ ಎಂದು ನನಗೆ ತೋರುತ್ತದೆ.

ನಡುವೆ ಚಿಕಿತ್ಸೆಯ ಕಾಲ ಬಂತು. 2004ರ ಏಪ್ರಿಲ್‌ನಲ್ಲಿ ಸರ್ಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡತೊಡಗಿತ್ತು. ಔಷಧಿ ಉಚಿತವಾದ ಮಾತ್ರಕ್ಕೆ ಆಸ್ಪತ್ರೆ ಹತ್ತಿರವಾಗುವುದಿಲ್ಲ. ಚೀಟಿ ಮಾಡಿಸುವ ಸಾಲು, ಕೆಲಸ ಏನೆಂದು ಕೇಳುವ ದನಿ, ಗಂಡಸರ ಸಾಲೋ ಹೆಂಗಸರ ಸಾಲೋ ಎಂದು ಮಂಗಳಮುಖಿಯನ್ನು ತಡೆದು ನಿಲ್ಲಿಸುವ ಕಾವಲುಗಾರ, ಇಷ್ಟರಲ್ಲೇ ಅರ್ಧ ಜನ ಮನೆಗೆ ಮರಳುತ್ತಾರೆ. ಹಾಗಾಗಿ ಸದಸ್ಯರು ಸದಸ್ಯರ ಜೊತೆಗೆ ಆಸ್ಪತ್ರೆಗೆ ಹೋಗತೊಡಗಿದರು. ಮಾತ್ರೆ ಬಿಟ್ಟವರನ್ನು ಹುಡುಕಿಕೊಂಡು ಹೋಗುವುದು, ತಲೆಸುತ್ತು ವಾಂತಿಗೆ ಹೆದರಿದವರ ಪಕ್ಕ ಕೂತು ಧೈರ್ಯ ಹೇಳುವುದು, ಅದೇ ಮಾತ್ರೆ ನುಂಗಿ ಗಟ್ಟಿಯಾಗಿರುವವರು ಎದುರಿಗೆ ನಿಂತು ಮಾತಾಡುವುದು, ಇವೆಲ್ಲ ಯಾವ ವೈದ್ಯರೂ ಮಾಡಲಾರದ ಕೆಲಸಗಳು.

ಸಮಿತಿ ನಡೆಸಿದ ಹೋಟೆಲಿನ ಬಗ್ಗೆಯೂ ಒಂದು ಮಾತು. ವಿಶ್ವಬ್ಯಾಂಕಿನ ಪುರಸ್ಕಾರದ ಹಣದಲ್ಲಿ ಸದಸ್ಯರು ಒಂದು ಹೋಟೆಲ್ ತೆರೆದರು. ಇವರ ಕೈಯ ಅನ್ನವನ್ನು ಊರಿನವರು ಉಣ್ಣುತ್ತಾರೆಯೇ ಎಂಬ ಅನುಮಾನಕ್ಕೆ, ಬಂದು ಕೂತು ಉಂಡ ಗಿರಾಕಿಗಳೇ ಉತ್ತರವಾದರು.

ಆದರೆ ಈ ಸ್ಮರಣ ಸಂಚಿಕೆಯಲ್ಲಿ ಹೆಚ್ಚು ಪುಟ ಸಲ್ಲಬೇಕಾದದ್ದು ಆಶೋದಯ ಅಕಾಡೆಮಿಗೆ. ಇಲ್ಲಿ ಪಾಠ ಹೇಳುವವರು ವೃತ್ತಿಯಲ್ಲಿರುವವರೇ, ಕಲಿಯಲು ಬರುವವರು ಬೇರೆ ಊರು, ಬೇರೆ ರಾಜ್ಯ, ಬೇರೆ ದೇಶಗಳ ಸಮುದಾಯ ಸಂಘಟನೆಗಳವರು. ಬಂದವರು ಕೊಠಡಿಯಲ್ಲಿ ಕೂತು ಸ್ಲೈಡ್ ನೋಡಿದರೆ ಸಾಲದು. ಬಸ್ ನಿಲ್ದಾಣಕ್ಕೆ, ಕ್ಲಿನಿಕ್ಕಿಗೆ, ಸಮಿತಿಯ ಸಭೆಗೆ ಜೊತೆಯಲ್ಲಿ ನಡೆಯಬೇಕು. ಭಾಷೆ ಬಾರದಿದ್ದರೂ ಪಾಡು ಗೊತ್ತಿರುವುದರಿಂದ ಮಾತು ಬೇಗ ಮುಟ್ಟುತ್ತದೆ. ಆಫ್ರಿಕಾದ ಲೈಂಗಿಕ ವೃತ್ತಿನಿರತರ ಒಕ್ಕೂಟ 2014ರಲ್ಲಿ ನೈರೋಬಿಯಲ್ಲಿ ತನ್ನದೇ ಅಕಾಡೆಮಿ ಆರಂಭಿಸಿದಾಗ ಮಾದರಿಯಾಗಿ ಇಟ್ಟುಕೊಂಡದ್ದು ಮೈಸೂರನ್ನೇ. ನೆರವು ಪಡೆಯುವವರೆಂದು ಪಟ್ಟಿಯಲ್ಲಿದ್ದ ಜನ ಹತ್ತು ವರ್ಷದೊಳಗೆ ಇನ್ನೊಂದು ಖಂಡದವರಿಗೆ ಕಲಿಸುವವರಾದರು. ಕನ್ನಡ ನಾಡಿನ ಆರೋಗ್ಯದ ಇತಿಹಾಸ ಬರೆಯುವವರು ಇದನ್ನು ಬಿಡಬಾರದು.

ಮನೆಯೊಳಗಿನ ಅಪಾಯಕ್ಕೆ ಒಂದು ದಾರಿ ತೆರೆದದ್ದು ಪ್ರೆಪ್ ಮಾತ್ರೆಯಿಂದ. ಎಚ್‌ಐವಿ ಇಲ್ಲದವರು ದಿನಕ್ಕೊಂದು ನುಂಗಿದರೆ ಸೋಂಕು ತಗಲದಂತೆ ಕಾಯುವ ಮಾತ್ರೆ ಇದು. ಇದಕ್ಕೆ ಜೊತೆಗಾರನ ಒಪ್ಪಿಗೆ ಬೇಕಿಲ್ಲ, ನಂಬಿಕೆಯ ಪ್ರಶ್ನೆ ಏಳುವುದಿಲ್ಲ. ಸಮಿತಿ ಅವಸರ ಮಾಡಲಿಲ್ಲ. ಮಾತ್ರೆ ಬಂದರೆ ಕಾಂಡೋಮ್ ಬಿಡುತ್ತಾರೆಯೇ, ಎಚ್‌ಐವಿ ಮಾತ್ರೆ ತಿನ್ನುತ್ತಾಳೆಂದು ಮನೆಯವರು ತಪ್ಪು ತಿಳಿದರೆ ಏನು ಗತಿ, ಇವನ್ನೆಲ್ಲ ಸದಸ್ಯರು ಮೊದಲು ತಮ್ಮೊಳಗೆ ಚರ್ಚಿಸಿದರು. ಲೈಂಗಿಕ ವೃತ್ತಿನಿರತರದೇ ಆದ ಕೋಲ್ಕತ್ತದ ದುರ್ಬಾರ್ ಸಂಘಟನೆಯ ಜೊತೆಗೆ ಪ್ರಯೋಗ ನಡೆದಾಗ ಮೈಸೂರಿನಲ್ಲಿ 647 ಹೆಂಗಸರು ಸೇರಿದರು, 640 ಮಂದಿ ಕೊನೆಯವರೆಗೂ ಉಳಿದರು. ಒಬ್ಬರಿಗೂ ಹೊಸದಾಗಿ ಸೋಂಕು ತಗಲಲಿಲ್ಲ. ರಕ್ತದಲ್ಲಿನ ಔಷಧಿಯ ಮಟ್ಟ ಅಳೆದಾಗಲೂ ಹೆಚ್ಚಿನವರು ಮಾತ್ರೆ ನುಂಗುತ್ತಿದ್ದದ್ದು ಖಚಿತವಾಯಿತು. ಇವರು ಔಷಧಿ ಸರಿಯಾಗಿ ತೆಗೆದುಕೊಳ್ಳುವವರಲ್ಲ ಎಂದು ತಲೆಯಾಡಿಸುತ್ತಿದ್ದವರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

2022ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) ಪ್ರೆಪ್ ಕುರಿತು ರಾಷ್ಟ್ರೀಯ ಮಾರ್ಗಸೂಚಿ ಹೊರಡಿಸಿತು. ಆದರೆ ಕಾಂಡೋಮಿನಂತೆ ಈ ಮಾತ್ರೆಯೂ ರಾಜ್ಯದ ಎಲ್ಲ ಸಮುದಾಯ ಸಂಘಟನೆಗಳ ಕೈಯಲ್ಲಿ ಉಚಿತವಾಗಿ ಸಿಗುವಂತಾಗಿಲ್ಲ. ಈಗ ವೃತ್ತಿ ಬಸ್ ನಿಲ್ದಾಣದಿಂದ ಮೊಬೈಲಿಗೆ ಸರಿದಿದೆ. ಹೊಸಬರು ಡ್ರಾಪ್-ಇನ್ ಸೆಂಟರಿನ ಬಾಗಿಲಿಗೆ ತಾವಾಗಿ ಬರುವುದಿಲ್ಲ, ಅವರನ್ನು ತಲುಪುವ ಬೇರೆ ದಾರಿಯನ್ನು ಸದಸ್ಯರೇ ಹುಡುಕಬೇಕಾಗಿದೆ. ಮಾತ್ರೆ ಕೈಯಲ್ಲಿದ್ದರೆ ಆ ಹುಡುಕಾಟಕ್ಕೆ ಬಲ ಬರುತ್ತದೆ. ಸರ್ಕಾರದ ಮುಂದೆ ಈ ಸಂಚಿಕೆ ಇಡಬೇಕಾದ ಬೇಡಿಕೆ ಅದೇ: ಪ್ರೆಪ್ ಮಾತ್ರೆಯನ್ನು ಬಜೆಟ್ಟಿನಲ್ಲಿ ಸೇರಿಸಿ, ಹಂಚುವ ಕೆಲಸವನ್ನು ಸಮುದಾಯ ಸಂಘಟನೆಗಳಿಗೆ ಬಿಡಿ.