ಗದ್ದೆಬಯಲಿನ ಸುತ್ತಲಿನ ಅದಿರು

ತ್ಯಾವಣಿಗೆಯ ಸುತ್ತ ಭದ್ರಾ ನಾಲೆಯ ನೀರು ಕುಡಿದ ಭತ್ತದ ಗದ್ದೆಗಳು, ಅಡಿಕೆ ತೋಟಗಳು. ಚನ್ನಗಿರಿ, ಹೊನ್ನಾಳಿ ಸೀಮೆಯ ಮಾತೆತ್ತಿದರೆ ಮಳೆ, ನಾಲೆ, ಧಾರಣೆಗಳೇ ಮೊದಲು ಬರುತ್ತವೆ. ಈ ಸೀಮೆಯ ಗುಡ್ಡಗಳ ಕಥೆಗೆ ಕಿವಿಗೊಡುವವರು ಕಡಿಮೆ.

ಇಲ್ಲಿನ ಬಹುಪಾಲು ಗುಡ್ಡಗಳು ಧಾರವಾಡ ಶಿಲಾವರ್ಗದವು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಆ ಹೆಸರಿಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಹೊಣೆ ಹೊತ್ತವರೂ ಅವರೇ. ಕೋಲಾರದ ಚಿನ್ನ ಕಂಡ ಮೇಲೆ ಇನ್ನೊಂದು ಕೋಲಾರಕ್ಕಾಗಿ ಹುಡುಕಾಟ ನಡೆದಿದ್ದ ಕಾಲವದು. ನ್ಯಾಮತಿ ಕಡೆಯ ಪಲವನಹಳ್ಳಿ, ಕುದುರೆಕೊಂಡಗಳಲ್ಲಿ ಹಳೆಯ ಚಿನ್ನದ ಗುಂಡಿಗಳಿದ್ದವು. ಆದರೆ ಕೋಲಾರದಂಥ ಗಣಿ ಅಲ್ಲಿ ಬೆಳೆಯಲಿಲ್ಲ.

ಬದುಕು ಬದಲಿಸಿದ್ದು ಚಿನ್ನವಲ್ಲ, ಕಬ್ಬಿಣ. ವಿಶ್ವೇಶ್ವರಯ್ಯನವರು ಮುಂದೆ ನಿಂತು ಕಟ್ಟಿಸಿದ ಭದ್ರಾವತಿ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯದು, ಸುಣ್ಣಕಲ್ಲು ಬಂಡಿಗುಡ್ಡದ್ದು, ಉರುವಲು ಮಲೆನಾಡಿನ ಕಾಡಿನ ಇದ್ದಲು. ಕಲ್ಲಿದ್ದಲಿಲ್ಲದ ನಾಡು ಮರದ ಇದ್ದಲಿನಿಂದಲೇ ಊದುಕುಲುಮೆ ನಡೆಸಿತೆಂಬುದು ದೊಡ್ಡ ಸಾಹಸ. ಅದಕ್ಕೆ ಕಾಡು ತೆತ್ತ ಬೆಲೆಯೂ ದೊಡ್ಡದೇ. ಕುಲುಮೆಗೆ ಹಾಕಿದ ಸುಣ್ಣಕಲ್ಲು ಅದಿರಿನ ಮರಳು, ಮಣ್ಣಿನೊಡನೆ ಕೂಡಿ ಕಿಟ್ಟವಾಗುತ್ತದೆ. ತೆಳ್ಳಗೆ ಹರಿವ ಕಿಟ್ಟವನ್ನು ಹೊರಬಿಟ್ಟರೆ ಕರಗಿದ ಕಬ್ಬಿಣ ಕೆಳಗುಳಿಯುತ್ತದೆ. ಇನ್ನು ಶಿವಮೊಗ್ಗದ ಕುಂಸಿಯಲ್ಲಿ ಅಗೆದ ಮ್ಯಾಂಗನೀಸ್ ಉಕ್ಕಿನ ಗಂಧಕದ ದೋಷ ಕಳೆದು ಅದಕ್ಕೆ ಗಟ್ಟಿತನ ಕೊಡುವ ಖನಿಜ.

ಚನ್ನಗಿರಿ ತಾಲ್ಲೂಕಿನ ಮಸಣಿಕೆರೆ, ಉಬ್ರಾಣಿ ಕಡೆಯ ಅದಿರಿನ ಗತಿಯೇ ಬೇರೆ. ಅದು ಕಪ್ಪಗೆ, ಭಾರವಾಗಿದೆ, ಅಯಸ್ಕಾಂತಕ್ಕೆ ಅಂಟುತ್ತದೆ, ಕಬ್ಬಿಣವೂ ಹೇರಳ. ಆದರೂ ಭದ್ರಾವತಿ ಹತ್ತಿರವೇ ಇದ್ದು ಅಷ್ಟು ದೂರದ ಕೆಮ್ಮಣ್ಣುಗುಂಡಿಯನ್ನೇ ನೆಚ್ಚಿದ್ದೇಕೆ? ಕಾರಣ, ಚನ್ನಗಿರಿಯ ಅದಿರಿನಲ್ಲಿ ಬೆರೆತಿರುವ ಟೈಟಾನಿಯಂ. ಊದುಕುಲುಮೆಯಲ್ಲಿ ಅದು ಹೆಚ್ಚಾದರೆ ಕಿಟ್ಟ ಮಂದವಾಗಿ ಹರಿಯದೆ ನಿಲ್ಲುತ್ತದೆ, ಕುಲುಮೆಯೇ ಕಟ್ಟಿಕೊಳ್ಳುತ್ತದೆ.

ಕುಲುಮೆಗೆ ಬೇಡವಾದದ್ದು ಬೇರೆಡೆ ಬೆಲೆಯುಳ್ಳದ್ದು. ಗೋಡೆಗೆ ಹಚ್ಚುವ ಬಿಳಿ ಬಣ್ಣದ ಜೀವ ಟೈಟಾನಿಯಂ ಆಕ್ಸೈಡ್. ಅದೇ ಅದಿರಿನಲ್ಲಿ ಅಲ್ಪಸ್ವಲ್ಪ ಇರುವ ವನಾಡಿಯಂ, ಚಿಟಿಕೆಯಷ್ಟು ಬೆರೆತರೂ ಸ್ಪ್ಯಾನರು, ಸ್ಪ್ರಿಂಗುಗಳ ಉಕ್ಕನ್ನು ಬಲಪಡಿಸುತ್ತದೆ. ಈಗ ಗಾಳಿ ಮತ್ತು ಬಿಸಿಲಿನ ವಿದ್ಯುತ್ತನ್ನು ಕೂಡಿಡುವ ದೊಡ್ಡ ಬ್ಯಾಟರಿಗಳಲ್ಲೂ ಬಳಕೆಯಾಗುತ್ತಿದೆ. ಬೇರೆ ದೇಶಗಳಲ್ಲಿ ಇಂಥ ಅದಿರಿನಿಂದಲೇ ವನಾಡಿಯಂ ತೆಗೆಯುತ್ತಾರೆ. ಇಲ್ಲೂ ತೆಗೆಯುವುದಾದರೆ, ಉಬ್ರಾಣಿ, ಮಸಣಿಕೆರೆಗಳ ಗುಡ್ಡಗಳನ್ನು ಮುಟ್ಟುವ ಮೊದಲು ಅವುಗಳ ಕೆಳಗಿನ ಕೆರೆ, ತೋಟಗಳ ರೈತರನ್ನು ಕೇಳಬೇಕು. ಭದ್ರಾವತಿಗಾಗಿ ಮರ ಕಡಿಯುವಾಗ ಯಾರೂ ಕೇಳಿರಲಿಲ್ಲ.