ಅಶ್ವಶಕ್ತಿಯ ಲೆಕ್ಕ, ಯೂನಿಟ್ಟಿನ ಲೆಕ್ಕ: ರಾಯದುರ್ಗ ಮತ್ತು ಮಡಕಶಿರದ ವಿದ್ಯುತ್ ಇತಿಹಾಸ

ಗಡಿನಾಡು ಎಂದೊಡನೆ ಕಾಸರಗೋಡಿನವರಾದ ನಮಗೆ ಚಂದ್ರಗಿರಿ ಹೊಳೆ, 1956ರ ನವೆಂಬರ್ 1, ಮಹಾಜನ ವರದಿ ಇಷ್ಟು ನೆನಪಿಗೆ ಬರುವುದು ಸಹಜ. ಪೂರ್ವದಿಕ್ಕಿನಲ್ಲಿ ನಮ್ಮಂತೆಯೇ ಗೆರೆಯ ಆಚೆಗೆ ಉಳಿದ ಕನ್ನಡಿಗರ ಇನ್ನೊಂದು ನಾಡಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಸೇರಿಸಿದರು. ಮಡಕಶಿರದ ಕಥೆ ಇನ್ನೂ ಹಳೆಯದು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಬೇರೆ ಜಿಲ್ಲೆಯಾದಾಗಲೇ ಅದು ಆ ಕಡೆಗೆ ಹೋಗಿತ್ತು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಇಂದಿನ ಹೇಮಾವತಿ, ಇರುವುದು ಈ ಸೀಮೆಯ ಅಮರಾಪುರದ ಬಳಿ. ನಕ್ಷೆ ತೆರೆದು ನೋಡಿದರೆ ಮಡಕಶಿರವನ್ನು ತುಮಕೂರು ಜಿಲ್ಲೆ ತೋಳಿನಿಂದ ತಬ್ಬಿಕೊಂಡಂತೆ ಕಾಣುತ್ತದೆ. 2022ರ ಏಪ್ರಿಲಿನಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ರಾಯದುರ್ಗ ಅನಂತಪುರದಲ್ಲೇ ಉಳಿದಿದೆ.

ಈ ನಾಡಿನ ಶಾಸನ, ಶಾಲೆ, ಭಾಷೆಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ನಾನಿಲ್ಲಿ ಹಿಡಿದಿರುವ ಎಳೆ ಬೇರೆ: ವಿದ್ಯುತ್ತನ್ನು ಅಳೆಯುವ ಮತ್ತು ಹಿಡಿತದಲ್ಲಿಡುವ ಸಾಧನಗಳು. ಮಳೆ ಕಡಿಮೆಯಾದ ಸೀಮೆಯಲ್ಲಿ ಬಾವಿಯ ನೀರನ್ನು ಮೇಲಕ್ಕೆತ್ತುವುದು ಕರೆಂಟು. ಆದ್ದರಿಂದ ಅದರ ಅಳತೆ ಅಲ್ಲಿ ಬೆಳೆಯ ಪ್ರಶ್ನೆಯೂ ಹೌದು, ಬದುಕಿನ ಪ್ರಶ್ನೆಯೂ ಹೌದು.

ಅಕ್ಕಿಯನ್ನು ಸೇರಿನಲ್ಲಿ ಅಳೆಯಬಹುದು, ಬಟ್ಟೆಯನ್ನು ಗಜದಲ್ಲಿ. ಕಣ್ಣಿಗೆ ಕಾಣದ ವಿದ್ಯುತ್ತನ್ನು ಮಾರುವುದು ಹೇಗೆ? ಎಡಿಸನ್ 1880ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಇದಕ್ಕೊಂದು ಉಪಾಯ ಮಾಡಿದ್ದ. ಗಿರಾಕಿಯ ಮನೆಯಲ್ಲಿ ಸತುವಿನ ಲವಣದ ದ್ರಾವಣ ತುಂಬಿದ ಜಾಡಿಯೊಂದನ್ನು ಇಟ್ಟು ಅದರಲ್ಲಿ ಸತುವಿನ ತಗಡುಗಳನ್ನು ಮುಳುಗಿಸುವುದು. ಕರೆಂಟಿನ ಒಂದು ಸಣ್ಣ ಪಾಲು ಅದರೊಳಗೆ ಹರಿದು ಒಂದು ತಗಡಿನ ಸತು ಸವೆದು ಇನ್ನೊಂದರ ಮೇಲೆ ಕೂರುತ್ತಿತ್ತು. ತಿಂಗಳಿಗೊಮ್ಮೆ ಕಂಪನಿಯವರು ಬಂದು ತಗಡನ್ನು ತೂಗಿ ಬಿಲ್ಲು ಬರೆಯುತ್ತಿದ್ದರು. ಅಕ್ಕಸಾಲಿಗನ ತಕ್ಕಡಿಯ ನ್ಯಾಯವೇ ಅದು! ಆದರೆ ಗಿರಾಕಿಗೆ ತನ್ನ ಲೆಕ್ಕವನ್ನು ತಾನೇ ಓದಿಕೊಳ್ಳುವ ದಾರಿ ಇರಲಿಲ್ಲ. ಅಲ್ಲದೆ ಆ ಜಾಡಿ ನಡೆಯುತ್ತಿದ್ದುದು ಒಂದೇ ದಿಕ್ಕಿಗೆ ಹರಿಯುವ ನೇರ ಪ್ರವಾಹದಲ್ಲಿ ಮಾತ್ರ. ದೂರಕ್ಕೆ ಸಾಗಿಸಲು ಅನುಕೂಲವಾದ ಪರ್ಯಾಯ ಪ್ರವಾಹ ಬಂದಮೇಲೆ ಅದು ಕೆಲಸಕ್ಕೆ ಬಾರದಾಯಿತು.

1888ರಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ಆಲಿವರ್ ಶಾಲೆನ್‌ಬರ್ಗರ್ ಒಂದು ದೀಪವನ್ನು ಪರೀಕ್ಷಿಸುತ್ತಿದ್ದಾಗ ಒಳಗೆ ಬಿದ್ದ ಸಣ್ಣ ಸ್ಪ್ರಿಂಗೊಂದು ತನ್ನಷ್ಟಕ್ಕೆ ತಿರುಗಿದ್ದನ್ನು ಕಂಡ. ಸುತ್ತಲಿನ ಕಾಂತಕ್ಷೇತ್ರವೇ ಅದನ್ನು ತಿರುಗಿಸಿತ್ತು. ಅದರಿಂದ ಅವನ ಮೀಟರು ಹುಟ್ಟಿತು. ಮರುವರ್ಷ ಹಂಗೇರಿಯ ಗಾಂಜ್ ಕಾರ್ಖಾನೆಯ ಓಟ್ಟೊ ಬ್ಲಾಥಿ ಪ್ರೇರಣ ಮೀಟರನ್ನು ತಂದ. ಅದರ ತೂಕ 23 ಕಿಲೋ. ನಮ್ಮ ಮನೆಗಳ ಜಗಲಿಗೋಡೆಯ ಮೇಲೆ ಗಾಜಿನ ಹಿಂದೆ ತಿರುಗುತ್ತಿದ್ದ ಅಲ್ಯೂಮಿನಿಯಂ ಚಕ್ರ ಈ ವಂಶದ್ದೇ. ಅದರಲ್ಲಿ ಎರಡು ಸುರುಳಿಗಳು. ಒಂದು ಒತ್ತಡವನ್ನು ಹಿಡಿಯುತ್ತದೆ, ಇನ್ನೊಂದು ಮನೆಗೆ ಹರಿಯುವ ಕರೆಂಟನ್ನು. ಎರಡೂ ಸೇರಿ ಚಕ್ರವನ್ನು ತಳ್ಳುತ್ತವೆ. ಪಕ್ಕದ ಕಾಯಂ ಅಯಸ್ಕಾಂತ ಅದನ್ನು ಹಿಡಿದೆಳೆಯುತ್ತದೆ. ಹೀಗಾಗಿ ಚಕ್ರದ ವೇಗ ಬಳಕೆಗೆ ಸರಿಯಾಗಿರುತ್ತದೆ, ಸುತ್ತುಗಳನ್ನು ಹಲ್ಲುಗಾಲಿಗಳು ಎಣಿಸುತ್ತವೆ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ ಕೊಟ್ಟವನೂ ಕೊಂಡವನೂ ಒಂದೇ ಅಂಕಿಯನ್ನು ಒಟ್ಟಿಗೆ ನೋಡಬಹುದಾಯಿತು.

ಕನ್ನಡ ನಾಡಿನಲ್ಲಿ ವಿದ್ಯುತ್ತಿನ ಮೊದಲ ದೊಡ್ಡ ವ್ಯಾಪಾರ ಮಾತ್ರ ಈ ಚಕ್ರದ ಲೆಕ್ಕದಲ್ಲಿ ನಡೆಯಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಯೋಜನೆ ಅವರು ತೀರಿಕೊಂಡ ಮರುವರ್ಷ, 1902ರ ಜೂನ್ 30ರಂದು, ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. 92 ಮೈಲಿ ದೂರ, 35,000 ವೋಲ್ಟ್ ಒತ್ತಡ. ಆ ಕಾಲದಲ್ಲಿ ಜಗತ್ತೇ ತಿರುಗಿ ನೋಡಿದ ಸಾಹಸ. ಗಣಿ ಕಂಪನಿಗಳೊಡನೆ ಆದ ಕರಾರು ಒಂದು ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ಎಂಬ ಲೆಕ್ಕದ್ದು. ಗಣಿಯ ಯಂತ್ರಗಳು ಹಗಲೂ ರಾತ್ರಿ ಓಡುತ್ತಿದ್ದುದರಿಂದ ಅಲ್ಲಿ ಆ ಲೆಕ್ಕ ಸರಿಹೋಗುತ್ತಿತ್ತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಹೊತ್ತಿ, ಮುಂದೆ ಮನೆಮನೆಗೆ ಕರೆಂಟು ಬಂದಾಗ ‘ಯೂನಿಟ್’ ಎಂಬ ಮಾತು ಕನ್ನಡಕ್ಕೆ ಒಗ್ಗಿತು. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. 1910ರ ಭಾರತೀಯ ವಿದ್ಯುತ್ ಕಾಯಿದೆ, ಬಳಕೆದಾರನ ವಿದ್ಯುತ್ತನ್ನು ಸರಿಯಾದ ಮೀಟರಿನಿಂದಲೇ ಗೊತ್ತುಮಾಡಬೇಕೆಂದು 26ನೆಯ ಕಲಮಿನಲ್ಲಿ ಬರೆಯಿತು. ಅಶ್ವಶಕ್ತಿಯ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಎಂಬತ್ತು ವರ್ಷಗಳ ಮೇಲೆ ಅದು ರಾಯದುರ್ಗದ ಹೊಲಗಳಿಗೆ ಮರಳಿ ಬಂತು.

ಹಿಡಿತದ ಸಾಧನಗಳ ಬಗ್ಗೆ ಎರಡು ಮಾತು ಸಾಕು. ಮೀರಿ ಹರಿದ ಕರೆಂಟಿಗೆ ತಾನೇ ಕರಗಿ ದಾರಿ ಕಡಿಯುವ ಫ್ಯೂಸ್ ತಂತಿ ಎಡಿಸನ್ ಕಾಲದ್ದು. ಕರಗದೆ ಬರೀ ಬಿದ್ದು, ಮತ್ತೆ ಎತ್ತಿದರೆ ನಿಲ್ಲುವ ಸಣ್ಣ ಬ್ರೇಕರನ್ನು ಜರ್ಮನಿಯ ಮಾನ್‌ಹೈಮಿನಲ್ಲಿ ಹ್ಯೂಗೊ ಸ್ಟೋಟ್ಸ್ 1924ರಲ್ಲಿ ಮಾಡಿದ. ಟ್ರಾನ್ಸ್‌ಫಾರ್ಮರುಗಳನ್ನು ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆ, ಇಂದಿನ ಕವಿಕಾ, 1930ರ ದಶಕದಿಂದ ಮಾಡುತ್ತ ಬಂದಿದೆ. ಹಳ್ಳಿಯ ಕಂಬದಲ್ಲಿ ಮಾತ್ರ ಬಹುಕಾಲ ಆಳಿದ್ದು ಪಿಂಗಾಣಿಯ ಫ್ಯೂಸ್ ಮತ್ತು ಲೈನ್‌ಮನ್ನನ ಕೈಯ ತಾಮ್ರದ ಎಳೆ. ಒಂದೆಳೆ ಹಾಕಬೇಕಾದಲ್ಲಿ ನಾಲ್ಕೆಳೆ ಸುತ್ತಿದರೆ ಫ್ಯೂಸ್ ಉಳಿಯುತ್ತದೆ, ಟ್ರಾನ್ಸ್‌ಫಾರ್ಮರು ಸುಡುತ್ತದೆ. ಇದು ಗಡಿಯ ಎರಡೂ ಕಡೆ ಕಂಡದ್ದೇ.

ಈಗ ತುಂಗಭದ್ರೆಗೆ ಬರೋಣ. ಮದ್ರಾಸ್ ಮತ್ತು ಹೈದರಾಬಾದುಗಳು ಕೂಡಿ 1945ರಲ್ಲಿ ಅಡಿಗಲ್ಲು ಹಾಕಿದ ಅಣೆಕಟ್ಟಿನಿಂದ ನೀರು ಹರಿದದ್ದು 1953ರಲ್ಲಿ. ಬಳ್ಳಾರಿ ಜಿಲ್ಲೆ ಒಡೆದದ್ದೂ ಅದೇ ವರ್ಷ. ಅಣೆಕಟ್ಟು ಮೈಸೂರಿನ ನೆಲದಲ್ಲಿ, ಅದನ್ನು ನಂಬಿದ ಹೊಲಗಳು ಎರಡೂ ರಾಜ್ಯಗಳಲ್ಲಿ. ಆದ್ದರಿಂದ ತುಂಗಭದ್ರಾ ಮಂಡಳಿ ಹುಟ್ಟಿತು. ಬಲದಂಡೆಯ ಮೇಲ್ಮಟ್ಟದ ಕಾಲುವೆ ಬಳ್ಳಾರಿ ದಾಟಿ ರಾಯದುರ್ಗ ಸೀಮೆಯ ಬೊಮ್ಮನಹಾಳು, ಕಣೇಕಲ್ಲುಗಳ ಕಡೆಗೆ ಹರಿಯುತ್ತದೆ. ಆ ಕಾಲುವೆಯ ನೀರಿನಲ್ಲಿ ಆಂಧ್ರಕ್ಕೆ 32.5 ಟಿಎಂಸಿ, ಕರ್ನಾಟಕಕ್ಕೆ 17.5 ಟಿಎಂಸಿ ಎಂದು ಗೊತ್ತುಮಾಡಲಾಯಿತು. ಅಣೆಕಟ್ಟಿನ ಬುಡದಲ್ಲಿ ಮತ್ತು ಹಂಪಿಯ ಕಾಲುವೆಯಲ್ಲಿ ಮಂಡಳಿ ನಡೆಸುವ ಎರಡು ವಿದ್ಯುದಾಗಾರಗಳ ಒಟ್ಟು ಶಕ್ತಿ 72 ಮೆಗಾವ್ಯಾಟ್. ಹುಟ್ಟಿದ ಕರೆಂಟಿನಲ್ಲಿ ಆಂಧ್ರಕ್ಕೆ ನೂರಕ್ಕೆ 80, ಕರ್ನಾಟಕಕ್ಕೆ 20. ಭಾಷೆಯ ಪಾಲನ್ನು ಗ್ರಾಮಗ್ರಾಮವಾಗಿ ಎಣಿಸಿ ಕೊಡಲಾಗದವರು ನೀರಿನ ಪಾಲನ್ನೂ ಕರೆಂಟಿನ ಪಾಲನ್ನೂ ಅಂಕಿಯಲ್ಲಿ ಬರೆದು ಕೊಟ್ಟರು. ಇದು ಕಹಿಯ ಮಾತಲ್ಲ. ಮೀಟರಿಗೆ ಸಾಧ್ಯವಾದದ್ದು ಜನಗಣತಿಯ ಪಟ್ಟಿಗೆ ಸಾಧ್ಯವಾಗಲಿಲ್ಲ, ಅಷ್ಟೆ.

ಕಾಲುವೆ ಮುಟ್ಟದ ಊರುಗಳೇ ಹೆಚ್ಚು. ಮಡಕಶಿರ, ರೊಳ್ಳ, ಅಗಳಿ, ಗುಡಿಬಂಡೆಗಳ ರೈತರಿಗೆ ಬಾವಿಯೇ ಗತಿ. ತೆರೆದ ಬಾವಿ ಬತ್ತಿದಂತೆ ಕೊಳವೆಬಾವಿ, ಕೊಳವೆಬಾವಿ ಆಳವಾದಂತೆ ದೊಡ್ಡ ಮೋಟಾರು. ಎನ್.ಟಿ. ರಾಮರಾವ್ ಅವರ ಸರ್ಕಾರ 1983ರ ಹೊತ್ತಿಗೆ ಪಂಪುಸೆಟ್ಟುಗಳಿಗೆ ಒಂದು ಅಶ್ವಶಕ್ತಿಗೆ ವರ್ಷಕ್ಕೆ 50 ರೂಪಾಯಿ ಎಂಬ ದರ ತಂದಿತು. ಕೋಲಾರದ ಗಣಿಯ ಲೆಕ್ಕವೇ! ಇದರ ಅರ್ಥವನ್ನು ಕೂಡಿ ಕಳೆದು ನೋಡೋಣ. 5 ಅಶ್ವಶಕ್ತಿಯ ಮೋಟಾರು ಗಂಟೆಗೆ ಸುಮಾರು 3.7 ಯೂನಿಟ್ ತಿನ್ನುತ್ತದೆ. ದಿನಕ್ಕೆ 7 ಗಂಟೆಯಂತೆ ವರ್ಷಕ್ಕೆ 150 ದಿನ ಓಡಿದರೆ ಸುಮಾರು 3,900 ಯೂನಿಟ್. ರೈತ ಕೊಡುವುದು 250 ರೂಪಾಯಿ. ಯೂನಿಟ್ಟಿಗೆ ಆರೂವರೆ ಪೈಸೆಯೂ ಬೀಳದು. 2004ರಲ್ಲಿ ವೈ.ಎಸ್. ರಾಜಶೇಖರ ರೆಡ್ಡಿ ಅಧಿಕಾರಕ್ಕೆ ಬಂದ ದಿನವೇ ಅದೂ ಮನ್ನಾ ಆಯಿತು.

ಬರದ ನಾಡಿನ ರೈತನಿಗೆ ಇದು ದೊಡ್ಡ ಆಸರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕರೆಂಟಿನ ಬಿಲ್ಲು ಕಟ್ಟಲಾಗದೆ ಪೈರು ಒಣಗಿಸಿಕೊಳ್ಳುವ ಸಂಕಟ ತಪ್ಪಿತು. ಆದರೆ ಚಕ್ರ ತೆಗೆದುಹಾಕಿದ ಮೇಲೆ ಉಳಿದ ಹಿಡಿತಗಳು ಬಿಗಿಯಾದವು. ಹೊಲಕ್ಕೆ ಮೂರು ಫೇಸಿನ ಕರೆಂಟು ಇಂತಿಷ್ಟೇ ಗಂಟೆ, ಅದೂ ಬಹುಪಾಲು ರಾತ್ರಿ. ಮಳೆಗತ್ತಲೆಯಲ್ಲಿ ಸ್ಟಾರ್ಟರು ಒತ್ತಲು ಹೋಗಿ ಹಾವು ಕಚ್ಚಿಸಿಕೊಂಡವರು, ಷಾಕ್ ಹೊಡೆಸಿಕೊಂಡವರು ಎರಡೂ ರಾಜ್ಯಗಳಲ್ಲಿದ್ದಾರೆ. ಉಳಿದ ಹೊತ್ತಿನಲ್ಲಿ ಒಂದು ಫೇಸ್ ಮಾತ್ರ ಇರುವಾಗ ಕಂಡೆನ್ಸರ್ ಕೂಡಿಸಿ ಮೋಟಾರು ಓಡಿಸುವ ಜಾಣತನವೂ ಬಂತು. ಅದೂ ಒಂದು ಆವಿಷ್ಕಾರವೇ, ಪೇಟೆಂಟ್ ಪಡೆದವರಿಲ್ಲ. ಮೋಟಾರಿನ ತಗಡಿನ ಮೇಲೆ 5 ಎಂದಿರುತ್ತದೆ, ಎಳೆಯುವುದು ಏಳೂವರೆ. ಆಂಧ್ರದಲ್ಲಿ 2000ದ ನಂತರ ದೊಡ್ಡ ಟ್ರಾನ್ಸ್‌ಫಾರ್ಮರನ್ನು ತೆಗೆದು ಕೆಲವೇ ಪಂಪುಗಳಿಗೊಂದರಂತೆ ಸಣ್ಣವನ್ನು ಕೂರಿಸುವ ಪದ್ಧತಿ ಹರಡಿತು. ತಮ್ಮ ನಾಲ್ಕು ಜನದ್ದೇ ಟ್ರಾನ್ಸ್‌ಫಾರ್ಮರು ಎಂದಾಗ ಕಳ್ಳತಂತಿಯನ್ನು ರೈತರೇ ತಡೆಯುತ್ತಾರೆ ಎಂಬ ಎಣಿಕೆ ಅದರ ಹಿಂದೆ ಇತ್ತು. ನನಗೆ ಇದು ಇಡೀ ಕಥೆಯ ಅತ್ಯಂತ ಬುದ್ಧಿವಂತಿಕೆಯ ಹೆಜ್ಜೆಯಾಗಿ ಕಾಣುತ್ತದೆ.

ರೈತನಿಗೆ ಮೀಟರಿಲ್ಲದಿದ್ದರೆ ನಷ್ಟ ಯಾರದು? ಹೊಲಕ್ಕೆ ಎಷ್ಟು ಹೋಯಿತೆಂದು ಅಳೆಯದಿದ್ದಾಗ, ತಂತಿಯಲ್ಲಿ ಸೋರಿದ್ದು, ಪೇಟೆಯಲ್ಲಿ ಕದ್ದದ್ದು ಎಲ್ಲವನ್ನೂ ರೈತನ ಹೆಸರಿಗೆ ಬರೆದುಬಿಡುವುದು ಸುಲಭ. ಆಯ್ದ ಟ್ರಾನ್ಸ್‌ಫಾರ್ಮರುಗಳಿಗೆ ಮೀಟರ್ ಕೂರಿಸಿ ಅಂದಾಜು ಕಟ್ಟತೊಡಗಿದ್ದು ಈ ಕಾರಣಕ್ಕೇ. 2020ರಲ್ಲಿ ಆಂಧ್ರ ಸರ್ಕಾರ ಪಂಪುಸೆಟ್ಟುಗಳಿಗೆ ಮೀಟರ್ ಹಾಕಿ, ಬಿಲ್ಲಿನ ಹಣವನ್ನು ತಾನೇ ರೈತನ ಖಾತೆಗೆ ತುಂಬುವ ಯೋಜನೆಯನ್ನು ಶ್ರೀಕಾಕುಳಂ ಜಿಲ್ಲೆಯಲ್ಲಿ ಪ್ರಯೋಗಿಸಿದಾಗ, ಇಂದು ಮೀಟರು, ನಾಳೆ ಬಿಲ್ಲು ಎಂಬ ಅಂಜಿಕೆ ಎದ್ದಿತು. ಅಂಜಿಕೆಗೆ ಆಧಾರವಿಲ್ಲ ಎನ್ನಲಾರೆ. ಮೀಟರು ರೈತನ ಪರವಾಗಿಯೂ ಸಾಕ್ಷಿ ಹೇಳಬಲ್ಲದು ಎಂಬುದೂ ಅಷ್ಟೇ ನಿಜ.

ಇದೇ ಹೊತ್ತಿನಲ್ಲಿ ರಾಜ್ಯಗಳ ನಡುವಣ ಅಳತೆ ಎಷ್ಟು ಸೂಕ್ಷ್ಮವಾಯಿತೆಂದು ನೋಡಿ. ದಕ್ಷಿಣದ ರಾಜ್ಯಗಳಲ್ಲಿ 2003ರ ಜನವರಿಯಿಂದ ಹೊಸ ದರಪದ್ಧತಿ ಬಂತು. ಕೇಂದ್ರದ ಜಾಲದಿಂದ ರಾಜ್ಯಕ್ಕೆ ವಿದ್ಯುತ್ ಇಳಿಯುವ ಕಡೆಗಳಲ್ಲಿ ಕೂರಿಸಿದ ವಿಶೇಷ ಮೀಟರುಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಬರೆದಿಡುತ್ತವೆ. ದಿನಕ್ಕೆ 96 ಸಲ. ಜಾಲದ ನಾಡಿಬಡಿತ ಸೆಕೆಂಡಿಗೆ 50 ಆವರ್ತ ಇರಬೇಕು. ಆವರ್ತ ಇಳಿದಾಗ ಪಾಲಿಗಿಂತ ಹೆಚ್ಚು ಎಳೆದ ರಾಜ್ಯ ದುಬಾರಿ ದರ ತೆರಬೇಕಾಯಿತು. ಹಿಂದೆ ದಕ್ಷಿಣದ ಜಾಲ 48 ಆವರ್ತಕ್ಕೂ ಕೆಳಗೆ ಕುಸಿಯುತ್ತಿತ್ತು. ಈ ಮೀಟರುಗಳು ಬಂದಮೇಲೆ ಬಹುಮಟ್ಟಿಗೆ ಸುಧಾರಿಸಿತು. ಈ ಜಾಲವನ್ನು ಕಾಯುವ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ಆಂಧ್ರ, ಕರ್ನಾಟಕ, ಕೇರಳ ಮೂರರ ಲೆಕ್ಕವೂ ಅಲ್ಲೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಜಾಲಕ್ಕೆ ಕೂಡಿಕೊಂಡಿತು. ಅಂದಿನಿಂದ ಮಡಕಶಿರದ ಮೋಟಾರೂ ಮಂಜೇಶ್ವರದ ಮಿಕ್ಸಿಯೂ ಕಾಶ್ಮೀರದ ದೀಪವೂ ಒಂದೇ ತಾಳಕ್ಕೆ ನಡೆಯುತ್ತಿವೆ.

ಕಚೇರಿಗಳು ಮಾತ್ರ ದೂರ ಸರಿಯುತ್ತಲೇ ಇವೆ. ಆಂಧ್ರದ ವಿದ್ಯುತ್ ಮಂಡಳಿ 1999ರಲ್ಲಿ ಒಡೆದ ಮೇಲೆ ಅನಂತಪುರ ಜಿಲ್ಲೆ ಹೈದರಾಬಾದಿನ ವಿತರಣಾ ಕಂಪನಿಗೆ ಸೇರಿತು. 2014ರಲ್ಲಿ ರಾಜ್ಯವೇ ಒಡೆದಾಗ ತಿರುಪತಿಯ ಕಂಪನಿಗೆ ಹೋಯಿತು. ನೋಟೀಸು ಬರುವುದು ತೆಲುಗಿನಲ್ಲಿ. ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರಾದ್ದರಿಂದ ಅಲ್ಲಿಯ ಹಿರಿಯರು ತಡವರಿಸಿಯಾದರೂ ಓದಿಕೊಂಡಾರು. ಗ್ರಂಥಲಿಪಿಯ ಮನೆತನದಿಂದ ಬಂದ ಮಲೆಯಾಳದ ಎದುರಿಗೆ ನಮ್ಮ ಹಿರಿಯರಿಗೆ ಆ ಅನುಕೂಲವಿಲ್ಲ. ಮೀಟರಿನ ಅಂಕಿಗಳನ್ನು ಓದಲು ಎರಡೂ ಕಡೆ ಯಾರ ಸಹಾಯವೂ ಬೇಡ. ಆದರೆ ಅಲ್ಯೂಮಿನಿಯಂ ಚಕ್ರ ಹೋಗಿ ಅದರ ಜಾಗದಲ್ಲಿ ಕೆಂಪು ದೀಪ ಮಿಣುಕುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದಿದೆ. ಚಕ್ರ ಜೋರಾಗಿ ತಿರುಗುತ್ತಿದೆ, ಯಾವುದೋ ಸ್ವಿಚ್ಚು ಆರಿಸಿ ಎಂದು ಮನೆಯ ಹಿರಿಯರು ಕೂಗುವ ಕಾಲ ಮುಗಿಯಿತು.

ಮಡಕಶಿರಕ್ಕೆ ಅಂಟಿಕೊಂಡ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ, ಕರ್ನಾಟಕದ ನೆಲದಲ್ಲಿ, ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು 2019ರ ಕೊನೆಗೆ ಪೂರ್ಣವಾಯಿತು. ಅದೇ ಬರ, ಅದೇ ಬಿಸಿಲು. ಗೆರೆ ಮಾತ್ರ ಬೇರೆ. ಭೂಮಿಯನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು. ಕಂಪನಿಗಳಿಗೆ ಹಣ ಸಿಗುವುದು ಮೀಟರಿನ ಯೂನಿಟ್ಟಿಗೆ ಇಷ್ಟು ಎಂದು. ರೈತನಿಗೆ ಗೊತ್ತುಮಾಡಿದ್ದು ಎಕರೆಗೆ ವರ್ಷಕ್ಕೆ ಇಷ್ಟು ಎಂದು; ಆರಂಭದಲ್ಲಿ ಅದು 21,000 ರೂಪಾಯಿ.